ಸಿ.ಎನ್.ಆರ್. ರಾವ್ ಲೇಖನದಲ್ಲಿ ರಸಾಯನಶಾಸ್ತ್ರ ಎಲ್ಲಿ?

ನಮಸ್ಕಾರ.

ಪ್ರೊ. ಸಿ.ಎನ್.ಆರ್. ರಾವ್ ಅವರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ. ರಸಾಯನ ವಿಜ್ಞಾನಿಯೊಬ್ಬರ ಬಗ್ಗೆ ಕನ್ನಡದಲ್ಲಿ ಬರೆಯುತ್ತೇನೆ ಅಂತ ಕೂರುವವರೇ ಕಡಿಮೆ. ಅದಕ್ಕೇ ಇಷ್ಟು ಉದ್ದದ ಉತ್ತರ.

ನಿಮ್ಮ ಲೇಖನದಲ್ಲಿ ಭಾರತ ರತ್ನ ಇದೆ, ಗೌರವ ಡಾಕ್ಟರೇಟುಗಳಿವೆ, 1,500ಕ್ಕೂ ಹೆಚ್ಚು ಪ್ರಬಂಧಗಳ ಲೆಕ್ಕ ಇದೆ. ಅವರು ಮಾಡಿದ ಕೆಲಸ ಯಾವುದು ಅನ್ನುವುದೇ ಇಲ್ಲ. ‘ಘನಸ್ಥಿತಿ ರಸಾಯನಶಾಸ್ತ್ರದಲ್ಲಿ (ಘನ ವಸ್ತುಗಳ ರಚನೆ, ಗುಣಗಳ ರಸಾಯನಶಾಸ್ತ್ರ) ಅಪಾರ ಸಾಧನೆಗೈದ ಧ್ರುವತಾರೆ’ ಅಂತ ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಓದುಗರು ನಮಸ್ಕಾರ ಹಾಕಿ ಪುಟ ತಿರುಗಿಸುತ್ತಾರೆ, ಅಷ್ಟೇ.

ಎಚ್-ಇಂಡೆಕ್ಸ್ ಬಗ್ಗೆ ಬರೆದಿದ್ದು ತಪ್ಪಾಗಿದೆ. ಅದು ನೂರಕ್ಕೆ ಇಷ್ಟು ಅಂತ ಕೊಡುವ ಅಂಕ ಅಲ್ಲ. ಎಚ್-ಇಂಡೆಕ್ಸ್ 100 ಅಂದರೆ, ಆ ವಿಜ್ಞಾನಿಯ 100 ಪ್ರಬಂಧಗಳಲ್ಲಿ ಒಂದೊಂದನ್ನೂ ಕನಿಷ್ಠ 100 ಸಲ ಬೇರೆ ಪ್ರಬಂಧಗಳು ಉಲ್ಲೇಖಿಸಿವೆ ಎಂದರ್ಥ. ಯಾಕೆ ಉಲ್ಲೇಖಿಸಿದರು ಅಂತ ಆ ಸಂಖ್ಯೆ ಹೇಳುವುದಿಲ್ಲ. ಅದನ್ನು ನೀವು ಹೇಳಬೇಕು, ಅಲ್ವಾ?

ಹೇಳಲು ಒಳ್ಳೆಯ ಕಥೆಯೇ ಇದೆ. ರಾವ್ 1963ರಿಂದ 1976ರವರೆಗೆ ಕಾನ್ಪುರದ ಐಐಟಿಯಲ್ಲಿದ್ದರು. ಅಲ್ಲಿ ಅವರೂ ಪಿ. ಗಂಗೂಲಿಯವರೂ ಒಂದು ಜಾತಿಯ ಆಕ್ಸೈಡುಗಳ, ಅಂದರೆ ಲೋಹದ ಜೊತೆ ಆಮ್ಲಜನಕ ಕೂಡಿದ ವಸ್ತುಗಳ, ಹಿಂದೆ ಬಿದ್ದಿದ್ದರು. ಇವುಗಳ ಹರಳಿನಲ್ಲಿ ಪರಮಾಣುಗಳು ಚಿರೋಟಿಯ ಹಾಗೆ ಪದರ ಪದರವಾಗಿ ಕೂತಿರುತ್ತವೆ. ಆ ಪದರಗಳಲ್ಲಿ ಎಲೆಕ್ಟ್ರಾನ್ ಹೇಗೆ ಓಡಾಡುತ್ತದೆ ಅನ್ನುವುದು ಅವರ ಪ್ರಶ್ನೆ. ಲ್ಯಾಂಥನಂ ತಾಮ್ರದ ಆಕ್ಸೈಡ್ ಇದೇ ಜಾತಿಯದು.

1986ರಲ್ಲಿ ಜೂರಿಕ್‌ನಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ಎಂಬ ವಿಜ್ಞಾನಿಗಳು ಅದೇ ಲ್ಯಾಂಥನಂ ತಾಮ್ರದ ಆಕ್ಸೈಡಿಗೆ ಒಂದಿಷ್ಟು ಬೇರಿಯಂ ಸೇರಿಸಿದರು. ಅಲ್ಲಿಯವರೆಗೆ ಯಾವ ವಸ್ತುವಿನಲ್ಲೂ ಕಾಣದಷ್ಟು ಹೆಚ್ಚಿನ ತಾಪದಲ್ಲೇ ಅದು ಸೂಪರ್‌ಕಂಡಕ್ಟರ್, ಅಂದರೆ ಯಾವ ತಡೆಯೂ ಇಲ್ಲದೆ ವಿದ್ಯುತ್ ಹರಿಯಬಿಡುವ ವಸ್ತು, ಆಗತೊಡಗಿತು. ಮರುವರ್ಷವೇ ಅವರಿಬ್ಬರಿಗೆ ನೊಬೆಲ್ ಬಂತು. 1987ರ ಆರಂಭದಲ್ಲಿ ಅಮೆರಿಕದವರು ಲ್ಯಾಂಥನಂ ಬದಲು ಇಟ್ರಿಯಂ ಹಾಕಿ ನೋಡಿದರು. ಸೂಪರ್‌ಕಂಡಕ್ಟರ್ ಆಗುವ ತಾಪ ಇನ್ನೂ ಮೇಲೆ ಹೋಯಿತು. ತಣ್ಣಗಿಡಲು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ನೈಟ್ರೋಜನ್ ಸಾಕು, ದುಬಾರಿ ದ್ರವ ಹೀಲಿಯಂ ಬೇಡ ಅನ್ನುವಂತಾಯಿತು.

ಆದರೆ ಆ ಅಮೆರಿಕದವರ ಕೈಯಲ್ಲಿದ್ದದ್ದು ಒಂದೇ ವಸ್ತು ಅಲ್ಲ. ಹಸಿರು, ಕಪ್ಪು ಎರಡೂ ಬೆರೆತ ಪುಡಿ. ಇದರಲ್ಲಿ ಕೆಲಸ ಮಾಡುತ್ತಿರುವುದು ಯಾವುದು? ಜಗತ್ತಿನ ಹಲವು ಲ್ಯಾಬುಗಳು ಇದಕ್ಕೆ ಮುಗಿಬಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾವ್ ತಂಡವೂ ಅದರಲ್ಲಿತ್ತು. ಇಟ್ರಿಯಂ ಪರಮಾಣು ಒಂದು, ಬೇರಿಯಂ ಎರಡು, ತಾಮ್ರ ಮೂರು. ಈ ಲೆಕ್ಕದ ಕಪ್ಪು ವಸ್ತುವೇ ಸೂಪರ್‌ಕಂಡಕ್ಟರ್. ಅದನ್ನು ಗುರುತಿಸಿದ ರಾವ್ ತಂಡದ ಪ್ರಬಂಧ ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಬಂತು. ರಾವ್ ಆಗ ಸಂಸ್ಥೆಯ ನಿರ್ದೇಶಕರೂ ಆಗಿದ್ದರು!

ಅಷ್ಟು ಬೇಗ ಹೇಗೆ ಸಾಧ್ಯವಾಯಿತು? ಆ ಆಕ್ಸೈಡುಗಳ ಜೊತೆ ರಾವ್ ಅವರಿಗೆ ಹತ್ತು ವರ್ಷಕ್ಕೂ ಮೀರಿದ ಒಡನಾಟ ಇತ್ತು. 1976ರಲ್ಲಿ ಬೆಂಗಳೂರಿಗೆ ಮರಳಿ ಘನಸ್ಥಿತಿ ಮತ್ತು ರಚನಾ ರಸಾಯನಶಾಸ್ತ್ರ ಘಟಕ ಶುರು ಮಾಡಿದ್ದರು. ಪಳಗಿದ ಜನ ಇದ್ದರು. ಒಬ್ಬ ವಿಜ್ಞಾನಿಯ ಪ್ರಭಾವ ಅಂದರೆ ನನ್ನ ಪ್ರಕಾರ ಇದೇ. ಲೇಖನ ಇಲ್ಲಿಂದಲೇ ಶುರುವಾಗಲಿ.

‘ಏಕಾಂಗಿಯಾಗಿ ಸಾಧಿಸಿದರು’ ಅನ್ನುವ ಮಾತು ದಯವಿಟ್ಟು ತೆಗೆಯಿರಿ. ಆ ಪ್ರಬಂಧಗಳ ಮೇಲೆ ವಿದ್ಯಾರ್ಥಿಗಳ, ಸಹೋದ್ಯೋಗಿಗಳ ಹೆಸರೂ ಇದೆ. ಅವರನ್ನು ಅಳಿಸುವುದು ಅನ್ಯಾಯ. ಬಸವನಗುಡಿಯ ಬಾಲ್ಯಕ್ಕೆ ನಾಲ್ಕು ಸಾಲು ಸಾಕು. 1989ರಲ್ಲಿ ಶುರುವಾದ ಜಕ್ಕೂರಿನ ಜವಾಹರಲಾಲ್ ನೆಹರೂ ವಿಜ್ಞಾನ ಸಂಶೋಧನಾ ಕೇಂದ್ರಕ್ಕೆ ಒಂದು ಪ್ಯಾರಾ ಕೊಡಿ. ಆದರೆ ಕಟ್ಟಡದ ವರ್ಣನೆ ಬೇಡ. ಅಲ್ಲಿ ನ್ಯಾನೋಟ್ಯೂಬ್ (ಅತಿ ಸಣ್ಣ ಕೊಳವೆ), ಗ್ರಾಫೀನ್ (ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ) ಮೇಲೆ ನಡೆದ ಕೆಲಸ ಬರೆಯಿರಿ.

ಇನ್ನೊಂದು ಮಾತು. ನೀವು ಬೆಂಗಳೂರಿನಲ್ಲೇ ಇದ್ದೀರಿ. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಅದೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಂಶೋಧನೆ ಮಾಡುವ ಹುಡುಗ ಹುಡುಗಿಯರನ್ನು ಮಾತಾಡಿಸಿ. ಒಂದು ಆಕ್ಸೈಡ್ ಮಾಡುವುದು ಹೇಗೆ ಅಂತ ಕೇಳಿ. ಪುಡಿಗಳನ್ನು ತೂಗಿ, ಕಲ್ಲಿನ ಕಲಬತ್ತಿನಲ್ಲಿ ಅರೆದು, ಒತ್ತಿ ಬಿಲ್ಲೆ ಮಾಡಿ, ಫರ್ನೇಸಿನಲ್ಲಿ ಗಂಟೆಗಟ್ಟಲೆ ಕಾಯಿಸುತ್ತಾರೆ. ತೆಗೆದು ಮತ್ತೆ ಅರೆಯುತ್ತಾರೆ, ಮತ್ತೆ ಕಾಯಿಸುತ್ತಾರೆ. ಆಮೇಲೆ ಎಕ್ಸ್-ರೇ ಹಾಯಿಸಿ, ಬೇಕಾದ ಹರಳೇ ಬಂದಿದೆಯಾ ಅಂತ ನೋಡುತ್ತಾರೆ. ಎಷ್ಟೋ ಸಲ ಬಂದಿರುವುದಿಲ್ಲ. ಈ ಕೈಕೆಲಸ ನಿಮ್ಮ ಲೇಖನದಲ್ಲಿ ಬರಲೇಬೇಕು. ಅದಿಲ್ಲದೆ 1,500 ಅನ್ನುವ ಸಂಖ್ಯೆಗೆ ತೂಕ ಬರುವುದಿಲ್ಲ.

ನಿಮ್ಮ ವಾಕ್ಯಗಳು ಸರಳವಾಗಿವೆ, ಓಟ ಚೆನ್ನಾಗಿದೆ. ಹೊಗಳಿಕೆ ಶುರುವಾದಾಗ ಮಾತ್ರ ಅವು ಭಾರವಾಗುತ್ತವೆ. ಪ್ರಶಸ್ತಿಗಳನ್ನೆಲ್ಲ ಕೊನೆಗೆ ಒಂದು ಬಾಕ್ಸಿನಲ್ಲಿ ಹಾಕೋಣ, ಅದನ್ನು ನಾವೇ ಮಾಡಿಕೊಳ್ಳುತ್ತೇವೆ. ತಿದ್ದಿದ ಪ್ರತಿಯನ್ನು ನೇರ ನನಗೇ ಕಳಿಸಿ. 1987ರ ಭಾಗ ಮಾತ್ರ ಮೊದಲು ಬರೆದು ಕಳಿಸಿದರೂ ಸರಿ, ಕೂತು ನೋಡೋಣ.