ಆರ್ಕ್ಟಿಕ್ ನೆಲ ಕರಗಿದರೆ ಮೀಥೇನ್ ಒಮ್ಮೆಲೇ ನುಗ್ಗಿ ಬರುತ್ತದಾ? ಅಷ್ಟು ಚಳಿಯಲ್ಲಿ ಮಣ್ಣಿನ ಸೂಕ್ಷ್ಮಜೀವಿಗಳು ಏನು ಮಾಡುತ್ತವೆ?

ನಿಮ್ಮದು ಚಿಕ್ಕ ಪ್ರಶ್ನೆ, ಆದರೆ ಒಳಗೆ ಮೂರು ಪ್ರಶ್ನೆ ಇದೆ. ಆರ್ಕ್ಟಿಕ್‌ನ ಹೆಪ್ಪುಗಟ್ಟಿದ ನೆಲ ಕರಗಿದರೆ ಮೀಥೇನ್ ಒಂದೇ ಸಲ ಹೊರಗೆ ಬರುತ್ತದಾ, ಅಷ್ಟು ಚಳಿಯಲ್ಲಿ ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತವಾ, ಅಂಟಾರ್ಕ್ಟಿಕಾದಲ್ಲೂ ಇದೇ ಕಥೆನಾ ಅಂತ ಕೇಳಿದ್ದೀರಿ. ನಾನು ಮಣ್ಣಿನ ಸೂಕ್ಷ್ಮಜೀವಿಗಳ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಟಂಡ್ರಾ ಮಣ್ಣು ನಮ್ಮ ಫ್ರೀಜರಿಗೆ ಬರುತ್ತಲೇ ಇರುತ್ತದೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲನೆಯದಕ್ಕೆ ಉತ್ತರ: ಮೀಥೇನ್ ಬರುತ್ತದೆ, ಆದರೆ ನಿಧಾನವಾಗಿ, ಅದೂ ಕೆಲವು ಕಡೆಯಿಂದ ಮಾತ್ರ. ಅಲ್ಲಿನ ಒಣನೆಲವಂತೂ ಗಾಳಿಯಲ್ಲಿರುವ ಮೀಥೇನನ್ನೇ ಎಳೆದುಕೊಳ್ಳುತ್ತದೆ. ಸುದ್ದಿಗಳಲ್ಲಿ ಈ ಅರ್ಧ ಬರೋದೇ ಇಲ್ಲ.

ಪರ್ಮಾಫ್ರಾಸ್ಟ್ ಅಂದರೆ ಸತತವಾಗಿ ಎರಡು ವರ್ಷವಾದರೂ ಸೊನ್ನೆ ಡಿಗ್ರಿ ದಾಟದ ನೆಲ. ಅದರ ಮೇಲಿನ ಒಂದು ಪದರ ಮಾತ್ರ ಪ್ರತಿ ಬೇಸಿಗೆಯಲ್ಲಿ ಕರಗಿ, ಚಳಿಗಾಲದಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ಉತ್ತರದ ಪರ್ಮಾಫ್ರಾಸ್ಟ್ ಪ್ರದೇಶದ ಮಣ್ಣಿನಲ್ಲಿ ಸುಮಾರು 1,400ರಿಂದ 1,600 ಶತಕೋಟಿ ಟನ್ ಇಂಗಾಲ ಇದೆ. ಇಡೀ ವಾತಾವರಣದಲ್ಲಿ ಇರುವುದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು. ಕೇಳಿದರೆ ಹೆದರಿಕೆ ಆಗುತ್ತೆ, ನಿಜ. ಆದರೆ ಅದು ತುಂಬಿಟ್ಟ ಗ್ಯಾಸ್ ಸಿಲಿಂಡರ್ ಅಲ್ಲ. ಸಾವಿರಾರು ವರ್ಷ ಕೊಳೆಯದೆ ಉಳಿದ ಬೇರು, ಎಲೆ, ಪಾಚಿ. ಅದನ್ನು ಕೊಳೆಸಿ ಅನಿಲ ಮಾಡೋಕೆ ಸೂಕ್ಷ್ಮಜೀವಿಗಳೇ ಬೇಕು. ಬರೋದು ಕಾರ್ಬನ್ ಡೈಆಕ್ಸೈಡಾ ಮೀಥೇನಾ ಅನ್ನೋದನ್ನು ಮಣ್ಣಿನೊಳಗಿನ ಆಮ್ಲಜನಕ ತೀರ್ಮಾನಿಸುತ್ತದೆ.

ಮೀಥೇನ್ ಮಾಡುವವು ಆರ್ಕಿಯಾ ಗುಂಪಿನವು. ನೋಡೋಕೆ ಬ್ಯಾಕ್ಟೀರಿಯಾ ಥರ ಇದ್ದರೂ ವಂಶವೇ ಬೇರೆ. ಆಮ್ಲಜನಕ ಇವಕ್ಕೆ ಆಗಿಬರೋದಿಲ್ಲ. ಬೇರೆ ಜೀವಿಗಳು ಕೊಳೆಸಿ ಬಿಟ್ಟ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್, ಅಸಿಟೇಟ್ ಇವುಗಳ ಆಹಾರ. ಮೀಥೇನ್ ತಿನ್ನುವವು ಬಹುತೇಕ ಬ್ಯಾಕ್ಟೀರಿಯಾಗಳು. ಅವಕ್ಕೆ ಆಮ್ಲಜನಕ ಬೇಕೇ ಬೇಕು. ಮೀಥೇನನ್ನು ಮೊದಲು ಮೆಥನಾಲ್ ಮಾಡಿ, ಕೊನೆಗೆ ಕಾರ್ಬನ್ ಡೈಆಕ್ಸೈಡ್ ಮಾಡಿ ಹೊರಗೆ ಬಿಡುತ್ತವೆ. ಅದೂ ಹಸಿರುಮನೆ ಅನಿಲ ತಾನೇ ಅಂತ ನೀವು ಕೇಳಬಹುದು. ಹೌದು. ಆದರೆ ಟನ್ನಿಗೆ ಟನ್ ಹೋಲಿಸಿದರೆ, ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಸುಮಾರು 28 ಪಟ್ಟು ಜಾಸ್ತಿ ಬಿಸಿ ಮಾಡುತ್ತದೆ.

ಹಾಗಾಗಿ ಎಲ್ಲವೂ ಬಂದು ನಿಲ್ಲೋದು ನೀರಿನ ಮಟ್ಟದ ಮೇಲೆ. ಸೈಬೀರಿಯಾದಲ್ಲಿ ಲೇನಾ ನದಿಯ ಮುಖಜಭೂಮಿ ಇದೆ. ಅಲ್ಲಿನ ಸಮೊಯ್ಲೊವ್ ಅನ್ನೋ ದ್ವೀಪವನ್ನು ವಿಜ್ಞಾನಿಗಳು ವರ್ಷಗಟ್ಟಲೆ ಅಳೆದಿದ್ದಾರೆ. ಚಳಿಗೆ ನೆಲ ಬಿರುಕು ಬಿಡುತ್ತದೆ. ಬಿರುಕಿಗೆ ನೀರಿಳಿದು ಹೆಪ್ಪುಗಟ್ಟುತ್ತದೆ. ಇದು ವರ್ಷ ವರ್ಷವೂ ನಡೆದು ನೆಲವೆಲ್ಲ ಐದಾರು ಮೂಲೆಯ ಅಂಕಣಗಳಾಗಿ ಒಡೆದಿರುತ್ತದೆ. ಅಂಕಣದ ಅಂಚು ಉಬ್ಬಿ ಒಣಗಿರುತ್ತದೆ, ನಡುವಿನ ತಗ್ಗಿನಲ್ಲಿ ನೀರು ನಿಂತಿರುತ್ತದೆ. ನಡುವಿನಲ್ಲಿ ಮೀಥೇನ್ ಚೆನ್ನಾಗಿ ಹೊರಬರುತ್ತದೆ. ನಾಲ್ಕು ಹೆಜ್ಜೆ ಆಚೆ, ಅಂಚಿನ ಮೇಲೆ, ಬರೋದು ತೀರಾ ಕಡಿಮೆ. ಅದೇ ಹವಾಮಾನ, ಅದೇ ಮಣ್ಣು. ವ್ಯತ್ಯಾಸ ಮೊಳಕಾಲೆತ್ತರದ್ದು ಅಷ್ಟೇ.

ಅಳೆಯುವ ಕೆಲಸವೂ ನಾಜೂಕಿನದು. ನೆಲಕ್ಕೆ ಒಂದು ಬಳೆ ಇಳಿಸಿ, ಮೇಲೆ ಡಬ್ಬಿ ಮುಚ್ಚಿ, ಒಳಗಿನ ಮೀಥೇನ್ ಏರುತ್ತದಾ ಇಳಿಯುತ್ತದಾ ನೋಡಬೇಕು. ಪಕ್ಕದ ಕೆಸರಿನ ಮೇಲೆ ಯಾರಾದರೂ ಕಾಲಿಟ್ಟರೆ ಸಾಕು, ಒಳಗಿದ್ದ ಗುಳ್ಳೆಗಳು ಬುಳಬುಳ ಮೇಲೆ ಬಂದು ಲೆಕ್ಕ ಕೆಡುತ್ತದೆ. ಅದಕ್ಕೇ ಅಂಥ ಜಾಗಗಳಲ್ಲಿ ಹಲಗೆ ಹಾಸಿ ಅದರ ಮೇಲೇ ಓಡಾಡುತ್ತಾರೆ.

ಗಿಡಗಳ ಪಾತ್ರವೂ ಇದೆ. ಜೌಗಿನಲ್ಲಿ ಬೆಳೆಯುವ ಹತ್ತಿಹುಲ್ಲಿನ ಕಾಂಡದೊಳಗೆ ಗಾಳಿ ಓಡಾಡುವ ಕೊಳವೆಗಳಿರುತ್ತವೆ. ಬೇರಿಗೆ ಆಮ್ಲಜನಕ ಇಳಿಯೋದು ಅದರಲ್ಲೇ. ವಾಪಸ್ ಬರುವಾಗ ಕೆಸರಿನ ಮೀಥೇನ್ ಅದೇ ದಾರಿ ಹಿಡಿಯುತ್ತದೆ. ಮೇಲ್ಪದರದಲ್ಲಿ ಕಾದು ಕುಳಿತ ಬ್ಯಾಕ್ಟೀರಿಯಾಗಳ ಕೈಗೆ ಸಿಗದೆ ಹೊರಗೆ ಹೋಗುತ್ತದೆ. ಪಾಚಿಯದು ಇದಕ್ಕೆ ಉಲ್ಟಾ. ನೀರಲ್ಲಿ ಮುಳುಗಿದ ಪಾಚಿಯೊಳಗೇ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾ ಮನೆ ಮಾಡಿರುತ್ತದೆ. ಪಾಚಿ ಅದಕ್ಕೆ ಆಮ್ಲಜನಕ ಕೊಡುತ್ತದೆ, ಅದು ಪಾಚಿಗೆ ಕಾರ್ಬನ್ ಡೈಆಕ್ಸೈಡ್ ಕೊಡುತ್ತದೆ.

ಲ್ಯಾಬಿನಲ್ಲಿ ಇದನ್ನು ಗಾಜಿನ ಬಾಟಲಿಯಲ್ಲಿ ನೋಡಬಹುದು. ಒದ್ದೆ ಮಣ್ಣು ಹಾಕಿ, ಗಾಳಿ ತೆಗೆದು ನೈಟ್ರೋಜನ್ ತುಂಬಿ, ರಬ್ಬರ್ ಬಿರಡೆ ಬಿಗಿದು ತಣ್ಣನೆಯ ಕೋಣೆಯಲ್ಲಿ ಇಡುತ್ತೇವೆ. ಆಗಾಗ ಸಿರಿಂಜ್ ಚುಚ್ಚಿ ಸ್ವಲ್ಪ ಅನಿಲ ತೆಗೆದು ಯಂತ್ರಕ್ಕೆ ಕೊಡುತ್ತೇವೆ. ಮೊದಮೊದಲು ಮೀಥೇನ್ ಗೆರೆ ಅಲ್ಲಾಡೋದೇ ಇಲ್ಲ. ಕಾರ್ಬನ್ ಡೈಆಕ್ಸೈಡ್ ಮಾತ್ರ ಏರುತ್ತದೆ. ಯಾಕಂದರೆ ಮಣ್ಣಿನಲ್ಲಿರೋ ನೈಟ್ರೇಟ್, ಕಬ್ಬಿಣ, ಸಲ್ಫೇಟ್ ಬಳಸುವ ಜೀವಿಗಳಿಗೆ ಮೊದಲ ಸರದಿ. ಅವುಗಳದ್ದು ಮುಗಿದ ಮೇಲೆ ಆರ್ಕಿಯಾಗಳ ಆಟ ಶುರು. ಹೊಸಬರು ಈ ಕಾಯುವ ಹೊತ್ತಿನಲ್ಲಿ ಮಣ್ಣು ಸತ್ತಿದೆ ಅಂತ ಬಾಟಲಿ ಎಸೆಯಲು ಹೊರಡುತ್ತಾರೆ. ಲೇನಾ ಕಡೆಯ ಮಣ್ಣನ್ನೇ 7 ವರ್ಷ ಹೀಗೆ ಇಟ್ಟು ನೋಡಿದ ಅಧ್ಯಯನವೊಂದು 2018ರಲ್ಲಿ ಬಂತು. ಹಳೇ ಪರ್ಮಾಫ್ರಾಸ್ಟ್ ಮಣ್ಣಿನಲ್ಲಿ ಮೀಥೇನ್ ಮಾಡುವ ಜೀವಿಗಳು ಬೇರೂರೋಕೆ ವರ್ಷಗಳೇ ಹಿಡಿದವು. ಬೇರೂರಿದ ಮೇಲೆ ಮಾತ್ರ ಮೀಥೇನ್ ಮತ್ತು ಕಾರ್ಬನ್ ಡೈಆಕ್ಸೈಡ್ ಹೆಚ್ಚುಕಡಿಮೆ ಸಮಸಮ ಬಂದವು. ಆರ್ಕ್ಟಿಕ್ ಮೀಥೇನನ್ನು ‘ಬಾಂಬ್’ ಅಂತ ಕರೆಯೋದು ನನಗೆ ಹಿಡಿಸದಿರೋದು ಇದಕ್ಕೇ. ಹಾಗಂತ ನಿರಾಳವಾಗಿ ಕೂರುವಂತೆಯೂ ಇಲ್ಲ. ಸಣ್ಣ ಅವಧಿಯ ಪ್ರಯೋಗಗಳು ಮೀಥೇನನ್ನು ಕಡಿಮೆ ತೋರಿಸಿರುವ ಸಾಧ್ಯತೆ ಇದೆ.

ಈಗ ಒಣಮಣ್ಣಿಗೆ ಬನ್ನಿ. ನನಗೆ ಜಾಸ್ತಿ ಇಷ್ಟವಾದ ಭಾಗ ಇದು. ಗಾಳಿಯಲ್ಲಿ ಈಗ ಹತ್ತು ಲಕ್ಷ ಅಣುಗಳಲ್ಲಿ ಎರಡಕ್ಕಿಂತ ಕಡಿಮೆ ಮೀಥೇನ್ ಇದೆ. ಇಷ್ಟು ತೆಳುವಾದ ಊಟದಲ್ಲಿ ಜೀವಿಯೊಂದು ಬದುಕೋದು ಹೇಗೆ? ಒಣಮಣ್ಣನ್ನು ಸುಮ್ನೆ ಗಾಳಿ ಸಮೇತ ಬಾಟಲಿಯಲ್ಲಿ ಮುಚ್ಚಿಟ್ಟರೂ ಮೀಥೇನ್ ಇಳಿಯುತ್ತದೆ. ಅಂದರೆ ತಿನ್ನೋರು ಇದ್ದಾರೆ. ಆದರೆ ಹತ್ತಾರು ವರ್ಷ ಅವುಗಳ ಜೀನ್ ಸಿಕ್ಕಿತ್ತೇ ಹೊರತು ಬೆಳೆಸೋಕೆ ಜೀವಿ ಸಿಕ್ಕಿರಲಿಲ್ಲ. 2019ರಲ್ಲಿ ನಾರ್ವೆಯ ಟ್ರೋಮ್ಸೋದ ಸಂಶೋಧಕರು ಮತ್ತು ಅವರ ಜೊತೆಗಾರರು ಮೀಥೈಲೊಕ್ಯಾಪ್ಸಾ ಗೊರ್ಗೋನಾ ಅನ್ನೋ ಬ್ಯಾಕ್ಟೀರಿಯಾವನ್ನು ಬರೀ ಗಾಳಿಯ ಮೇಲೆ ಬೆಳೆಸಿ ತೋರಿಸಿದರು. ಗಾಳಿಯ ಮೀಥೇನ್ ಜೊತೆಗೆ ಹೈಡ್ರೋಜನ್, ಕಾರ್ಬನ್ ಮೊನಾಕ್ಸೈಡನ್ನೂ ಅದು ಬಳಸಬಲ್ಲದು. ಅದು ಸಿಕ್ಕಿದ್ದು ಎಲ್ಲಿ ಗೊತ್ತಾ? ಉತ್ತರ ನಾರ್ವೆಯ ಒಂದು ಹಳೇ ಕಸದ ಗುಂಡಿಯ ಮೇಲಿನ ಮಣ್ಣಿನಲ್ಲಿ.

ಇಂಥ ಒಣನೆಲ ಆರ್ಕ್ಟಿಕ್‌ನಲ್ಲಿ ಕಡಿಮೆ ಏನಲ್ಲ. ಕೆನಡಾದ ಆಕ್ಸೆಲ್ ಹೈಬರ್ಗ್ ದ್ವೀಪದ ಮಣ್ಣು ಗಾಳಿಯ ಮೀಥೇನ್ ಎಳೆದುಕೊಳ್ಳುತ್ತದೆ. ಈಶಾನ್ಯ ಗ್ರೀನ್‌ಲ್ಯಾಂಡಿನಲ್ಲಿ ಒಣನೆಲ, ಜೌಗು ಎರಡನ್ನೂ ಸೇರಿಸಿ ಲೆಕ್ಕ ಹಾಕಿದಾಗ ಇಡೀ ಪ್ರದೇಶವೇ ಬಿಡೋದಕ್ಕಿಂತ ಜಾಸ್ತಿ ತೆಗೆದುಕೊಳ್ಳುತ್ತದೆ ಅಂತ 2015ರಲ್ಲಿ ವರದಿಯಾಯಿತು. ಆದರೆ ಪ್ರತಿ ಚದರ ಮೀಟರ್ ನೋಡಿದರೆ ಒಣನೆಲ ತಿನ್ನೋದು ಚೂರೇ ಚೂರು, ಜೌಗು ಬಿಡೋದು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಒಣನೆಲದ ಹೆಚ್ಚುಗಾರಿಕೆ ಇರೋದು ವಿಸ್ತಾರದಲ್ಲಿ.

ಚಳಿಯ ವಿಷಯ. ಸೊನ್ನೆಗಿಂತ ಕೆಳಗೆ ಹೋದರೂ ಮಣ್ಣಿನ ಕಣಗಳ ಸುತ್ತ ನೀರಿನ ತೆಳು ಪೊರೆ ಹೆಪ್ಪುಗಟ್ಟದೆ ಉಳಿಯುತ್ತದೆ, ಉಪ್ಪಿದ್ದರೆ ಇನ್ನೂ ಜಾಸ್ತಿ. ಜೀವಿಗಳು ಅದರಲ್ಲೇ ನಿಧಾನಕ್ಕೆ ಕೆಲಸ ಮಾಡುತ್ತವೆ. ಕೆನಡಾದ ಪರ್ಮಾಫ್ರಾಸ್ಟಿನಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾ ಉಪ್ಪುನೀರಿನಲ್ಲಿ ಮೈನಸ್ 15 ಡಿಗ್ರಿಯಲ್ಲೂ ಬೆಳೆಯುತ್ತದೆ. ಅದು ಮೀಥೇನ್ ಗುಂಪಿನದಲ್ಲ, ಚಳಿಗೆ ಮಿತಿ ಎಲ್ಲಿದೆ ಅಂತ ತೋರಿಸೋಕೆ ಹೇಳಿದೆ.

ಶರತ್ಕಾಲದ್ದೂ ಒಂದು ವಿಚಿತ್ರ ಇದೆ. ಹೊರಗೆ ಹಿಮ ಬಿದ್ದಿರುತ್ತದೆ. ಆದರೆ ನೀರು ಹೆಪ್ಪುಗಟ್ಟುವಾಗ ಶಾಖ ಬಿಡುವುದರಿಂದ ಮಣ್ಣಿನ ಒಳಗೆ ವಾರಗಟ್ಟಲೆ ಸೊನ್ನೆಯ ಆಸುಪಾಸೇ ಇರುತ್ತದೆ. ಜೀವಿಗಳು ನಿಲ್ಲಿಸೋದಿಲ್ಲ. ಅಲಾಸ್ಕಾದಲ್ಲಿ ಅಳೆದಾಗ ವರ್ಷದ ಮೀಥೇನಿನ ಅರ್ಧದಷ್ಟಾದರೂ ಸೆಪ್ಟೆಂಬರಿನಿಂದ ಮೇ ನಡುವೆಯೇ ಬಂದಿತ್ತು. ಗ್ರೀನ್‌ಲ್ಯಾಂಡಿನ ಜಾಕೆನ್‌ಬರ್ಗ್‌ನಲ್ಲಿ 2007ರ ಶರತ್ಕಾಲದಲ್ಲಿ ನೆಲ ಹೆಪ್ಪುಗಟ್ಟುತ್ತಾ ಒಳಗಿನ ಮೀಥೇನನ್ನು ಹಿಂಡಿ ಹೊರಗೆ ತಳ್ಳಿತು. ಇಡೀ ಬೇಸಿಗೆಯಲ್ಲಿ ಬಂದಷ್ಟು ಆಗಲೂ ಬಂತು. ಹಾಗಾಗಿ ಬರೀ ಜುಲೈ, ಆಗಸ್ಟ್ ಅಳತೆ ಹಿಡಿದು ಮಾತಾಡುವ ಲೆಕ್ಕಗಳನ್ನು ನಾನು ಅಷ್ಟಾಗಿ ನಂಬೋದಿಲ್ಲ.

ಮುಂದೆ ಏನಾಗುತ್ತದೆ? 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ನೆಲದೊಳಗೆ ಮಂಜುಗಡ್ಡೆ ಜಾಸ್ತಿ ಇದ್ದಲ್ಲಿ, ಕರಗಿದಾಗ ನೆಲ ಕುಸಿದು ಹೊಂಡವಾಗಿ ನೀರು ನಿಲ್ಲುತ್ತದೆ. ಅಲ್ಲಿ ಮೀಥೇನ್ ಏರುತ್ತದೆ. ನೀರು ಬಸಿದು ಹೋಗುವ ಕಡೆ ಮಣ್ಣು ಒಣಗಿ, ತಿನ್ನುವ ಬ್ಯಾಕ್ಟೀರಿಯಾಗಳಿಗೆ ಅನುಕೂಲ. ಕೆನಡಾದ ಟ್ರೇಲ್ ವ್ಯಾಲಿ ಕ್ರೀಕ್‌ನಲ್ಲಿ ಮಣ್ಣು ಒಣಗಿದಷ್ಟೂ ಮೀಥೇನ್ ಎಳೆದುಕೊಳ್ಳೋದು ಜಾಸ್ತಿಯಾದದ್ದು ಕಂಡಿದೆ. ನನ್ನ ಅಂದಾಜು ಕೇಳಿದರೆ ಒಟ್ಟು ಲೆಕ್ಕದಲ್ಲಿ ಬಿಡೋದೇ ಮೇಲಾಗುತ್ತದೆ. ಆದರೆ ಎಷ್ಟು ಅನ್ನೋದಕ್ಕೆ ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಬಸಿಯುತ್ತದೆ ಅನ್ನೋ ನಕ್ಷೆ ಬೇಕು. ಬರೀ ಉಷ್ಣಾಂಶದ ನಕ್ಷೆ ಸಾಲದು.

ಕೊನೆಗೆ ಅಂಟಾರ್ಕ್ಟಿಕಾ. ಅಲ್ಲಿ ಮಂಜುಗಡ್ಡೆ ಮುಚ್ಚದ ನೆಲ ಶೇ. 1ಕ್ಕೂ ಕಡಿಮೆ. ಜೌಗು, ಹುಲ್ಲು ಎರಡೂ ಇಲ್ಲದಷ್ಟೇ. ಹಾಗಾಗಿ ಆರ್ಕ್ಟಿಕ್ ಥರದ ಕಥೆ ಇಲ್ಲ. ಪೂರ್ವ ಅಂಟಾರ್ಕ್ಟಿಕಾದ ರಾಬಿನ್ಸನ್ ರಿಡ್ಜ್‌ನ ಒಣಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಗಾಳಿಯ ಹೈಡ್ರೋಜನ್ ಮತ್ತು ಕಾರ್ಬನ್ ಮೊನಾಕ್ಸೈಡಿನಿಂದ ಶಕ್ತಿ ಪಡೆಯುತ್ತವೆ ಅಂತ 2017ರಲ್ಲಿ ಗೊತ್ತಾಯಿತು. ಮೀಥೇನ್ ತಿನ್ನೋರು ಮಂಜಿನ ಅಡಿಯಲ್ಲಿ ಸಿಕ್ಕಿದ್ದಾರೆ. ಸುಮಾರು 800 ಮೀಟರ್ ಮಂಜು ಕೊರೆದು ವಿಲ್ಲನ್ಸ್ ಸರೋವರ ಮುಟ್ಟಿದಾಗ, ತಳದಿಂದ ಬರುವ ಮೀಥೇನಿನಲ್ಲಿ ಶೇ. 99ಕ್ಕೂ ಹೆಚ್ಚನ್ನು ಅಲ್ಲಿನ ಬ್ಯಾಕ್ಟೀರಿಯಾಗಳೇ ತಿಂದು ಮುಗಿಸುತ್ತಿದ್ದವು.