ಸರ್ವರ್ ನಿಂತದ್ದು ಹುಡುಗರು ಬೈದ ಮೇಲೇ ಗೊತ್ತಾಗಬೇಕಾ?

ಪ್ರಶ್ನೆ: ಅಕ್ಕ, ನಮಸ್ಕಾರ. ನಾನು ಮಂಡ್ಯದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಗೆಳೆಯರೆಲ್ಲ ಸೇರಿ ಒಂದು ಮೈನ್‌ಕ್ರಾಫ್ಟ್ ಆಟದ ಸರ್ವರ್ ನಡೆಸುತ್ತಿದ್ದೇವೆ. 4 ಜಿಬಿ ಮೆಮೊರಿ, 40 ಜಿಬಿ ಡಿಸ್ಕ್ ಇರುವ ವಿಪಿಎಸ್, ಅಂದರೆ ಬಾಡಿಗೆಗೆ ಪಡೆದ ಆನ್‌ಲೈನ್ ಮಷೀನ್. ತಿಂಗಳಿಗೆ 700 ರೂಪಾಯಿ, ಹಂಚಿಕೊಂಡು ಕಟ್ಟುತ್ತೇವೆ. ರಾತ್ರಿ ಒಂಬತ್ತೂವರೆ ಹೊತ್ತಿಗೆ ಇಪ್ಪತ್ತು ಜನ ಸೇರುತ್ತಿದ್ದ ಹಾಗೆ ಸರ್ವರ್ ನಿಂತುಹೋಗುತ್ತದೆ. ಯಾರಾದರೂ ಫೋನ್ ಮಾಡಿ ಬೈದಾಗಲೇ ನನಗೆ ಗೊತ್ತಾಗುವುದು. ಸರ್ವರ್ ತಾನೇ ಬರೆದಿಡುವ ದಾಖಲೆ, ಅಂದರೆ ಲಾಗ್‌ನಲ್ಲಿ ಕಾರಣ ಏನೂ ಕಾಣುವುದಿಲ್ಲ. ಆಟದ ಸರ್ವರ್ ಓಡಿಸುವ ಜಾವಾಗೆ ಪೂರ್ತಿ 4 ಜಿಬಿ ಕೊಟ್ಟಿದ್ದೇವೆ. ಸರ್ವರ್ ಮೇಲೆ ಕಣ್ಣಿಡುವ ಮಾನಿಟರಿಂಗ್ ಸರ್ವೀಸ್ ತಗೊಳ್ಳಿ ಅಂತ ಸೀನಿಯರ್ ಒಬ್ಬರು ಹೇಳಿದರು. ಅದರ ಬಾಡಿಗೆ ಸರ್ವರ್ ಬಾಡಿಗೆಗಿಂತ ಜಾಸ್ತಿ! ಏನು ಮಾಡೋಣ?
— ಓದುಗ, ಮಂಡ್ಯ

ಉತ್ತರ: ತಮ್ಮಾ, ಮಂಡ್ಯದವನಿಗೆ ಮಾನಿಟರಿಂಗ್ ಅಂದರೇನು ಅಂತ ಮೈಸೂರಿನ ನಾನು ಹೇಳಿಕೊಡಬೇಕಾ? ಮಳೆಗಾಲದಲ್ಲಿ ನಿಮ್ಮ ಮನೆಯಲ್ಲಿ ಬೆಳಿಗ್ಗೆ ಪೇಪರ್ ಬಂದ ತಕ್ಷಣ ಏನು ನೋಡುತ್ತಾರೆ? ಕೆಆರ್‌ಎಸ್ ಮಟ್ಟ. ಗರಿಷ್ಠ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ನಾಲ್ಕೇ ಅಂಕಿ. ಅಷ್ಟರಲ್ಲೇ ನಾಟಿ ಹಾಕಬೇಕಾ ಬೇಡವಾ ಅಂತ ನಿಮ್ಮ ತಾತ ಲೆಕ್ಕ ಹಾಕುತ್ತಾರೆ. ನಿನ್ನ ಸರ್ವರ್‌ಗೂ ನಾಲ್ಕೇ ಅಂಕಿ ಸಾಕು: ಮೆಮೊರಿ, ಡಿಸ್ಕ್, ಟಿಕ್ (ಆಟ ಮುಂದಿಡುವ ಒಂದೊಂದು ಹೆಜ್ಜೆ), ಮತ್ತೆ ಹೊರಗಿನಿಂದ ಬಾಗಿಲು ತಟ್ಟಿದರೆ ಓಗೊಡುತ್ತದಾ ಇಲ್ಲವಾ. ದುಡ್ಡು ಕೊಟ್ಟು ಬಣ್ಣಬಣ್ಣದ ಗ್ರಾಫ್ ತರಿಸಿಕೊಳ್ಳುವ ಅಗತ್ಯ ಈಗಂತೂ ಇಲ್ಲ.

ಮೊದಲು ನಿನ್ನ ಕಾಯಿಲೆ ನೋಡೋಣ. ಲಾಗ್‌ನಲ್ಲಿ ಏನೂ ಕಾಣುವುದಿಲ್ಲ ಅಂದೆಯಲ್ಲ, ಅದೇ ಸುಳಿವು. ಲಾಗ್ಸ್ ಫೋಲ್ಡರ್‌ನಲ್ಲಿ ಲೇಟೆಸ್ಟ್ ಡಾಟ್ ಲಾಗ್ ಇರುತ್ತದೆ. ಮತ್ತೆ ಶುರು ಮಾಡಿದ ತಕ್ಷಣ ಹಳೆಯದು ತಾರೀಖಿನ ಹೆಸರಲ್ಲಿ ಜಿಜಿಪ್, ಅಂದರೆ ಕುಗ್ಗಿಸಿದ ಕಡತ ಆಗಿಬಿಡುತ್ತದೆ. ಅದನ್ನು ಬಿಚ್ಚದೆಯೇ ಜಡ್‌ಗ್ರೆಪ್ ಆಜ್ಞೆಯಲ್ಲಿ ಹುಡುಕಬಹುದು. ಸರ್ವರ್ ತಾನಾಗಿ ನಿಂತಿದ್ದರೆ ಕೊನೆಯಲ್ಲಿ 'ಸ್ಟಾಪಿಂಗ್ ಸರ್ವರ್' ಅನ್ನುವ ಸಾಲು ಇರಬೇಕು. ಜಾವಾ ಒಳಗೇ ಎಡವಿದ್ದರೆ ಕ್ರ್ಯಾಶ್ ರಿಪೋರ್ಟ್ಸ್ ಫೋಲ್ಡರ್‌ನಲ್ಲಿ ಕಡತ ಸಿಗಬೇಕು. ಎರಡೂ ಇಲ್ಲ, ಯಾರೋ ಚಾಟ್‌ನಲ್ಲಿ 'ಬಾರೋ ಇಲ್ಲಿ' ಅಂದ ಕಡೆಗೇ ಲಾಗ್ ತುಂಡಾಗಿದೆ ಅಂದರೆ, ಹೊರಗಿನವರು ಯಾರೋ ಕತ್ತು ಹಿಸುಕಿದ್ದಾರೆ ಅಂತ ಅರ್ಥ.

ಆ ಹೊರಗಿನವರು ಹೆಚ್ಚಾಗಿ ಲಿನಕ್ಸ್ ಕರ್ನಲ್ಲೇ, ಅಂದರೆ ಮಷೀನ್‌ನ ಆಪರೇಟಿಂಗ್ ಸಿಸ್ಟಂನ ತಿರುಳೇ. ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ 'ಜರ್ನಲ್‌ಸಿಟಿಎಲ್ -ಕೆ' ಕೊಟ್ಟು ಒಂಬತ್ತೂವರೆ ಸುತ್ತಮುತ್ತ ನೋಡು. 'ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೋಸೆಸ್' ಅಂತ ಇದ್ದು ಪಕ್ಕದಲ್ಲಿ ಜಾವಾ ಹೆಸರಿದ್ದರೆ ಕೇಸು ಮುಗಿಯಿತು. ಇರುವುದೇ 4 ಜಿಬಿ. ಜಾವಾಗೆ ಹೀಪ್ (ಅದರ ಕೆಲಸದ ಮೆಮೊರಿ) ಅಂತ 4 ಜಿಬಿ ಕೊಟ್ಟರೂ ಅದು ಅಷ್ಟಕ್ಕೇ ನಿಲ್ಲುವುದಿಲ್ಲ. ಥ್ರೆಡ್ಡು, ಬಫರ್ರು ಅಂತ ಹೀಪ್ ಹೊರಗೂ ತಿನ್ನುತ್ತದೆ. ಲಿನಕ್ಸ್‌ಗೂ ಹೊಟ್ಟೆಗೆ ಬೇಕಲ್ಲ? ಜನ ಕಮ್ಮಿ ಇದ್ದಾಗ ನಡೆಯುತ್ತದೆ, ಇಪ್ಪತ್ತು ಜನ ಬಂದಾಗ ತುಂಬಿಬಿಡುತ್ತದೆ. ಹೀಪ್‌ಗೆ ಮಿತಿ ಹಾಕುವ ಎಕ್ಸ್‌ಎಂಎಕ್ಸ್ ಅನ್ನು 2560 ಎಂಬಿಗೆ ಇಳಿಸು. 'ಕಮ್ಮಿ ಮಾಡಿದರೆ ಲ್ಯಾಗ್ ಆಗಲ್ವಾ' ಅಂತ ಕೇಳಬೇಡ. ಮೊದಲು ಬದುಕಲಿ.

ಲ್ಯಾಗ್, ಅಂದರೆ ಆಟ ತಡವರಿಸುವುದು, ಬೇರೆ ವಿಷಯ. ಮೈನ್‌ಕ್ರಾಫ್ಟ್ ಸೆಕೆಂಡಿಗೆ 20 ಟಿಕ್ ಓಡಬೇಕು, ಅಂದರೆ ಒಂದೊಂದಕ್ಕೆ 50 ಮಿಲಿಸೆಕೆಂಡ್. ಲಾಗ್‌ನಲ್ಲಿ 'ಕಾಂಟ್ ಕೀಪ್ ಅಪ್' ಅಂತ ಶುರುವಾಗಿ '5230 ಎಂಎಸ್, 104 ಟಿಕ್ಸ್ ಬಿಹೈಂಡ್' ಅಂತ ಬಂದರೆ ಐದು ಸೆಕೆಂಡಿನಷ್ಟು ಹಿಂದೆ ಬಿದ್ದಿದೆ ಅಂತ. ದಿನಕ್ಕೆ ಒಂದೆರಡು ಸಲ ಬಂದರೆ ತಲೆಕೆಡಿಸಿಕೊಳ್ಳಬೇಡ. ನಿಮಿಷಕ್ಕೊಂದು ಬಂದರೆ ಸ್ಪಾರ್ಕ್ ಅನ್ನುವ ಉಚಿತ ಪ್ಲಗಿನ್ (ಸರ್ವರ್‌ಗೆ ಸೇರಿಸುವ ಪುಟ್ಟ ತಂತ್ರಾಂಶ) ಓಡಿಸು, ಟೈಮ್ ತಿನ್ನುತ್ತಿರುವುದು ಯಾವುದು ಅಂತ ತೋರಿಸುತ್ತದೆ.

ಇನ್ನು ಎಚ್ಚರಿಕೆ ಗಂಟೆ. ಇಲ್ಲಿ ನನ್ನದೇ ಒಂದು ಪೆದ್ದುತನ ಹೇಳಲೇಬೇಕು. ಮಗನಿಗೆ ಅಂತ ಸರ್ವರ್ ಹಾಕಿಕೊಟ್ಟಾಗ ಅದರ ಮೇಲೆ ಕಣ್ಣಿಡುವ ಅಪ್‌ಟೈಮ್ ಕುಮಾ ತಂತ್ರಾಂಶವನ್ನೂ ಅದೇ ಮಷೀನ್‌ನಲ್ಲಿ ಕೂರಿಸಿದ್ದೆ. ವಿಜಯದಶಮಿ ದಿನ ನಾವೆಲ್ಲ ಸಯ್ಯಾಜಿರಾವ್ ರಸ್ತೆಯಲ್ಲಿ ಜಂಬೂಸವಾರಿಗೆ ಕಾಯುತ್ತಾ ನಿಂತಿದ್ದೆವು. ಫೋನು ಗಪ್‌ಚುಪ್. ಎಲ್ಲ ಸರಿಯಾಗಿದೆ ಅಂದುಕೊಂಡೆ. ಮನೆಗೆ ಬಂದು ನೋಡಿದರೆ ಬೆಳಿಗ್ಗೆ ಹನ್ನೊಂದಕ್ಕೇ ಮಷೀನ್ ಮಲಗಿದೆ, ಜೊತೆಗೆ ಕುಮಾನೂ ಮಲಗಿದೆ. ಕೂಗಬೇಕಾದವನೇ ಸತ್ತರೆ ಕೂಗುವವರು ಯಾರು?

ಅದಕ್ಕೇ ಕಾವಲು ಹೊರಗಿರಬೇಕು. ಮನೆಯಲ್ಲಿ ಹಳೇ ಲ್ಯಾಪ್‌ಟಾಪ್ ಇದ್ದರೆ ಕುಮಾ ಅದರಲ್ಲಿ ಹಾಕು. ಉಚಿತ, ಓಪನ್ ಸೋರ್ಸ್. ನಿನ್ನ ಸರ್ವರ್‌ನ 25565 ಪೋರ್ಟನ್ನು, ಅಂದರೆ ಆಟಗಾರರು ಒಳಬರುವ ಬಾಗಿಲನ್ನು, ನಿಮಿಷಕ್ಕೊಮ್ಮೆ ತಟ್ಟು ಅಂತ ಹೇಳು, ಟೆಲಿಗ್ರಾಂಗೆ ಸಂದೇಶ ಬರುವ ಹಾಗೆ ಮಾಡು. ಮೂರು ಸಲ ತಟ್ಟಿಯೂ ಉತ್ತರ ಇಲ್ಲದಿದ್ದರೆ ಮಾತ್ರ ಕೂಗಲಿ. ಇಲ್ಲದಿದ್ದರೆ ಮನೆಯ ಇಂಟರ್ನೆಟ್ ಒಮ್ಮೆ ಕೆಮ್ಮಿದರೂ ನಡುರಾತ್ರಿ ಎಬ್ಬಿಸುತ್ತದೆ, ಎರಡನೇ ವಾರಕ್ಕೆ ನೀನೇ ಮ್ಯೂಟ್ ಮಾಡುತ್ತೀಯ.

ಡಿಸ್ಕ್‌ಗೆ ಬೇರೆ ಉಪಾಯ. ಹೆಲ್ತ್‌ಚೆಕ್ಸ್ ಡಾಟ್ ಐಒ ಅಂತ ಇದೆ. ಸಣ್ಣ ಬಳಕೆಗೆ ದುಡ್ಡಿಲ್ಲ. ಅದು ಒಂದು ವಿಳಾಸ ಕೊಡುತ್ತದೆ. ನಿನ್ನ ಸರ್ವರ್‌ನಲ್ಲಿ ಐದು ನಿಮಿಷಕ್ಕೊಮ್ಮೆ ಓಡುವ ಸಣ್ಣ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ತಾನಾಗಿ ಓಡಿಸುವ ಸಾಧನ) ಸ್ಕ್ರಿಪ್ಟ್ ಬರಿ: ಡಿಸ್ಕ್ ಶೇಕಡಾ 80ಕ್ಕಿಂತ ಕಮ್ಮಿ ತುಂಬಿದ್ದರೆ ಕರ್ಲ್ ಆಜ್ಞೆಯಿಂದ ಆ ವಿಳಾಸ ಮುಟ್ಟಬೇಕು, ಜಾಸ್ತಿಯಾದರೆ ಸುಮ್ಮನಿರಬೇಕು. ಮುಟ್ಟುವುದು ನಿಂತರೆ ಅವರು ನಿನಗೆ ಹೇಳುತ್ತಾರೆ. ದಿನಾ ಬರುವ ಹಾಲಿನವನು ಬರದಿದ್ದರೆ ಗೊತ್ತಾಗುತ್ತದಲ್ಲ, ಹಾಗೆ. ಮಷೀನ್ ಪೂರ್ತಿ ಹೋದರೂ ಮೌನವೇ, ಆಗಲೂ ಸಂದೇಶ ಬರುತ್ತದೆ.

ಡಿಸ್ಕ್ ಬಗ್ಗೆ ಇಷ್ಟು ಯಾಕೆ ಹೇಳುತ್ತಿದ್ದೇನೆ ಅಂದರೆ, ಲಾಗ್ ನಿಧಾನವಾಗಿ ಬೆಳೆಯುವುದಿಲ್ಲ. ಒಂದು ಕೆಟ್ಟ ಪ್ಲಗಿನ್ ಪ್ರತಿ ಟಿಕ್‌ಗೂ 2 ಕೆಬಿ ಎರರ್ ಬರೆದರೆ ಸೆಕೆಂಡಿಗೆ 40 ಕೆಬಿ, ಗಂಟೆಗೆ 144 ಎಂಬಿ, ದಿನಕ್ಕೆ ಹತ್ತಿರ ಹತ್ತಿರ ಮೂರೂವರೆ ಜಿಬಿ. ಊರ ಹಬ್ಬ ಮುಗಿಸಿ ಬರುವಷ್ಟರಲ್ಲಿ ಡಿಸ್ಕ್ ಭರ್ತಿಯಾಗಿರಬಹುದು. ಆಗ ಆಟ ಸೇವ್ ಆಗಲು ಜಾಗ ಇರುವುದಿಲ್ಲ, ಕಟ್ಟಿದ ಕೋಟೆಯೇ ಕೆಟ್ಟುಹೋಗಬಹುದು. 30 ದಿನ ದಾಟಿದ ಜಿಜಿಪ್ ಲಾಗ್ ಅಳಿಸುವ ಫೈಂಡ್ ಆಜ್ಞೆಯನ್ನು ರಾತ್ರಿಯ ಕ್ರಾನ್‌ಗೆ ಹಾಕು. ಸಿಸ್ಟಂ ಲಾಗ್‌ಗೆ ಜರ್ನಲ್‌ಡಿ ಕಾನ್ಫಿಗ್‌ನಲ್ಲಿ 'ಸಿಸ್ಟಂ ಮ್ಯಾಕ್ಸ್ ಯೂಸ್' 200 ಎಂಬಿ ಇಡು. ಬ್ಯಾಕಪ್ ಅದೇ ಡಿಸ್ಕ್‌ನಲ್ಲಿ ಇಟ್ಟಿದ್ದೀಯಾ? ಇಟ್ಟಿದ್ದರೆ ಇವತ್ತೇ ಬೇರೆಡೆಗೆ ಸಾಗಿಸು.

ಗ್ರಫಾನಾ, ಪ್ರೊಮೆಥಿಯಸ್, ಲೋಕಿ ಅನ್ನುವ ದೊಡ್ಡ ಮಾನಿಟರಿಂಗ್ ತಂತ್ರಾಂಶಗಳೆಲ್ಲ ಒಳ್ಳೆಯವೇ. ಸರ್ವರ್ ನಾಲ್ಕೈದು ಆದಾಗ ಕಲಿ. ಲಾಗ್ ಹುಡುಕಲು ಬಳಸುವ ಎಲಾಸ್ಟಿಕ್‌ಸರ್ಚ್ ಮಾತ್ರ ಆ 4 ಜಿಬಿ ಮಷೀನ್‌ಗೆ ತರಬೇಡ, ಆಟಕ್ಕೇ ಜಾಗ ಬಿಡುವುದಿಲ್ಲ.

ಪ್ರಶ್ನೆ: ಮೇಡಂ, ಸರಸ್ವತಿಪುರಂನಲ್ಲಿ ನಮ್ಮದು ಪುಟ್ಟ ಗೇಮಿಂಗ್ ಸೆಂಟರ್. ತೊಂದರೆ ಬಂದಾಗ ಹುಡುಗರು ಪೂರ್ತಿ ಲಾಗ್ ತೆಗೆದು ಡಿಸ್ಕಾರ್ಡ್ ಚಾಟ್ ಗುಂಪಿನಲ್ಲಿ ಹಾಕಿ ಸಹಾಯ ಕೇಳುತ್ತಾರೆ. ತಪ್ಪಾ?
— ಓದುಗರು, ಮೈಸೂರು

ಉತ್ತರ: ಸಹಾಯ ಕೇಳುವುದು ತಪ್ಪಲ್ಲ ಸರ್. ಆದರೆ ಆ ಲಾಗ್‌ನಲ್ಲಿ ಒಳಗೆ ಬಂದ ಪ್ರತಿ ಮಗುವಿನ ಹೆಸರಿನ ಪಕ್ಕ ಐಪಿ ವಿಳಾಸ ಇರುತ್ತದೆ, ಆಡಿದ ಮಾತೂ ಇರುತ್ತದೆ. ಎರರ್ ಬಂದ ಕಡೆಯ ಐವತ್ತು ಸಾಲು ಕತ್ತರಿಸಿ, ಐಪಿ ಅಳಿಸಿ ಹಾಕಲಿ. ಸರ್ವರ್ ಆವೃತ್ತಿಯನ್ನೂ ಒಮ್ಮೆ ನೋಡಿ. 2021ರ ಡಿಸೆಂಬರ್‌ನಲ್ಲಿ ಲಾಗ್ ಬರೆಯುವ ಲಾಗ್‌ಫೋರ್‌ಜೆ ತಂತ್ರಾಂಶದ ತೂತು ಬಯಲಾದಾಗ ಚಾಟ್‌ನಲ್ಲಿ ಒಂದು ಸಾಲು ಟೈಪ್ ಮಾಡಿ ಸರ್ವರ್ ಕೈವಶ ಮಾಡಿಕೊಳ್ಳಬಹುದಿತ್ತು, ಯಾಕೆಂದರೆ ಆ ಸಾಲು ನೇರ ಲಾಗ್‌ಗೇ ಹೋಗುತ್ತಿತ್ತು. ಮೈನ್‌ಕ್ರಾಫ್ಟ್ 1.18.1ರಲ್ಲಿ ಸರಿಮಾಡಿದರು. ಅದಕ್ಕಿಂತ ಹಳೆಯದನ್ನು ತೇಪೆ ಹಾಕದೆ ಇನ್ನೂ ಓಡಿಸುತ್ತಿದ್ದರೆ, ಈ ಪತ್ರಿಕೆ ಮಡಚಿಟ್ಟು ಮೊದಲು ಅದನ್ನು ನಿಲ್ಲಿಸಿ ಬನ್ನಿ.