ಮೂಡಿಗೆರೆಯಿಂದ ಫಿಸಿಕ್ಸ್ ಓದಲು ಯಾವ ಬಸ್ ಹತ್ತಬೇಕು?

ನಿಮ್ಮ ಮಗಳು ಪಿಯುಸಿ ಮುಗಿಸಿ ಫಿಸಿಕ್ಸ್‌ನಲ್ಲೇ ಬಿಎಸ್ಸಿ ಮಾಡುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಯಾವ ಕಾಲೇಜು ಒಳ್ಳೇದು ಅಂತ ಕೇಳಿದಿರಿ. ನೀವು ಬೆಂಗಳೂರಿನಿಂದ ಬಂದವರು. ನಮ್ಮದು ಜಿಲ್ಲೆಯ ಅಂಚು. ಇಲ್ಲಿ ಮೊದಲು ಬಸ್ಸು, ಆಮೇಲೆ ಕಾಲೇಜು.

ಚಿಕ್ಕಮಗಳೂರಿನ ಬಸ್ ಹತ್ತಿದರೆ ಐಡಿಎಸ್‌ಜಿ ಸರ್ಕಾರಿ ಕಾಲೇಜು, ಕುವೆಂಪು ವಿಶ್ವವಿದ್ಯಾಲಯದ್ದು. ಬೇಲೂರಿನ ಮೇಲೆ ಹೋದರೆ ಹಾಸನ. ಅಲ್ಲಿ ಸರ್ಕಾರಿ ವಿಜ್ಞಾನ ಕಾಲೇಜಿದೆ, ಹೆಣ್ಣುಮಕ್ಕಳದ್ದೇ ಆದ ಎ.ವಿ.ಕೆ. ಕಾಲೇಜೂ ಇದೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದರೆ ಉಜಿರೆಯ ಎಸ್‌ಡಿಎಂ ಕಾಲೇಜು. ಅದಕ್ಕೆ ನಾವು 'ಕೆಳಗೆ ಹೋಗೋದು' ಅನ್ನುತ್ತೇವೆ. ದಿನಾ ಓಡಾಡುವ ದಾರಿ ಅಲ್ಲ ಅದು. ಮಳೆಗಾಲದಲ್ಲಿ ಗುಡ್ಡ ಜರಿದರೆ ರಸ್ತೆಯೇ ಬಂದ್. ಹಾಸ್ಟೆಲ್ ಸಿಕ್ಕರೆ ಮಾತ್ರ ಕಳಿಸಿ.

ಊರವರು ಹಾಸನ ಅಂದ ಕೂಡಲೇ 'ಅಲ್ಲಿ ಇಸ್ರೋ ಇದೆ, ಕೆಲಸ ಗ್ಯಾರಂಟಿ' ಅಂತಾರೆ. ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಅಲ್ಲಿರುವುದು ನಿಜ, 1982ರಿಂದ ಇದೆ. ಅದಕ್ಕೂ ನಿಮ್ಮ ಮಗಳ ಬಿಎಸ್ಸಿಗೂ ಸಂಬಂಧ ಇಲ್ಲ, ಸುಮ್ನೆ ಮಾತು.

ನೀವು ನೋಡಬೇಕಾದ್ದು ಲ್ಯಾಬ್. ನಾನು ಓದಿದ ಕಾಲೇಜಿನ ಹೆಸರು ಬೇಡ ಬಿಡಿ. ಎಂಟು ಜನಕ್ಕೆ ಒಂದೇ ಸ್ಪೆಕ್ಟ್ರೋಮೀಟರ್, ಪ್ರಿಸಂನಲ್ಲಿ ಬೆಳಕು ಎಷ್ಟು ಬಾಗುತ್ತದೆ ಅಂತ ಅಳೆಯುವ ಉಪಕರಣ. ಆಷಾಢ ಬರುವಷ್ಟರಲ್ಲಿ ಅದರ ಲೆನ್ಸಿಗೆ ಬೂಷ್ಟು ಹಿಡಿದಿರುತ್ತಿತ್ತು. ಅದಕ್ಕೆ ಬೆಳಕು ಕೊಡುವ ಸೋಡಿಯಂ ದೀಪ ಮೊದಲು ಕೆಂಪಗೆ ಉರಿದು, ನಿಧಾನಕ್ಕೆ ಹಳದಿಗೆ ತಿರುಗಬೇಕು. ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಬಂದ ಮೇಲೆ ಮತ್ತೆ ಮೊದಲಿಂದ ಕಾಯಬೇಕು. ಒಬ್ಬ ಪ್ರಿಸಂ ತಿರುಗಿಸುತ್ತಿದ್ದ, ಇನ್ನೊಬ್ಬ ವರ್ನಿಯರ್ ಸ್ಕೇಲಿನ ಅಳತೆ ಓದುತ್ತಿದ್ದ, ಉಳಿದ ಆರು ಜನ ರೆಕಾರ್ಡಿಗೆ ಕಾಪಿ ಹೊಡೆಯುತ್ತಿದ್ದೆವು. ಪ್ರಿಸಂ ತಿರುಗಿಸುತ್ತಾ ಹೋದರೆ ಹಳದಿ ಗೆರೆ ಒಂದು ಕಡೆ ಸರಿದು, ಒಂದು ಕ್ಷಣ ನಿಂತು, ವಾಪಸ್ ಹೊರಡುತ್ತದೆ. ಅದನ್ನು ನಾನು ಕಣ್ಣಾರೆ ನೋಡಿದ್ದು ಎಂಎಸ್ಸಿಗೆ ಮೈಸೂರಿಗೆ ಹೋದ ಮೇಲೆ!

ಅದಕ್ಕೇ ಹೇಳುವುದು, ಮಳೆ ಹಿಡಿದ ಮೇಲೆ ಹೋಗಿ ಲ್ಯಾಬಿನ ಬೀರು ತೆಗೆಸಿ ನೋಡಿ. ಲೆನ್ಸ್ ಇಟ್ಟಿರುವ ಬೀರುವಿನೊಳಗೆ ಬಲ್ಬ್ ಉರಿಸಿಟ್ಟಿದ್ದರೆ ಅಲ್ಲಿ ಕಾಳಜಿ ಇರುವ ಮೇಷ್ಟ್ರೋ ಅಟೆಂಡರ್ರೋ ಒಬ್ಬರು ಇದ್ದಾರೆ ಅಂತ ಲೆಕ್ಕ. ಅತಿಥಿ ಉಪನ್ಯಾಸಕರು ಎಷ್ಟು ಜನ ಅಂತಲೂ ಕೇಳಿ. ಅವರು ಕಲಿಸಲ್ಲ ಅಂತ ಅಲ್ಲ, ನನಗೆ ಕ್ವಾಂಟಂ ಅರ್ಥ ಮಾಡಿಸಿದ್ದೇ ಅಂಥವರೊಬ್ಬರು. ಆದರೆ ಅವರ ನೇಮಕ ತಡವಾದರೆ ಪಾಠವೂ ತಡ.

ಜೊತೆಗೆ ಗಣಿತ ಬಿಡಿಸಬೇಡಿ. ಮುಂದೆ ಎಂಎಸ್ಸಿ ಫಿಸಿಕ್ಸಿಗೆ ಹೋಗುವವಳಿಗೆ ಗಣಿತ ಇಲ್ಲದಿದ್ದರೆ ಕಷ್ಟ.

ಮನೆ ಬಿಟ್ಟು ಇರುತ್ತಾಳೆ ಅಂದರೆ ಮೈಸೂರಿನ ಯುವರಾಜ ಕಾಲೇಜಿಗೂ ಅರ್ಜಿ ಹಾಕಿ. ಟೀಚರ್ ಆಗುವ ಆಸೆ ಇದ್ದರೆ ಅಲ್ಲೇ ಆರ್‌ಐಇಯಲ್ಲಿ (ಪ್ರಾದೇಶಿಕ ಶಿಕ್ಷಣ ಸಂಸ್ಥೆ) ಬಿಎಸ್ಸಿ, ಬಿಎಡ್ ಎರಡೂ ಸೇರಿ ನಾಲ್ಕು ವರ್ಷದ ಕೋರ್ಸಿದೆ. ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು.

ಹಾಸನಕ್ಕೆ ಹೋಗುವ ದಿನ ಹೇಳಿ, ನಾನೂ ಬರುತ್ತೇನೆ. ಬೀರು ತೆಗೆಸುವ ಜವಾಬ್ದಾರಿ ನನಗಿರಲಿ.